ಮೋಟಾರು ಗಾಡಿ ನಿಲ್ಲುವ ಬಗೆ

ಮೋಟಾರು ಗಾಡಿಯನ್ನು ಕೊಳ್ಳಹೋಗುವವರು ಅದು ಗಂಟೆಗೆ ಎಷ್ಟು ಕಿಲೋಮೀಟರು ಓಡುತ್ತದೆ, ಒಂದು ಲೀಟರು ಪೆಟ್ರೋಲಿಗೆ ಎಷ್ಟು ದೂರ ಬರುತ್ತದೆ ಎಂದು ಮರೆಯದೆ ವಿಚಾರಿಸುತ್ತಾರೆ. ಓಡುತ್ತಿರುವ ಗಾಡಿ ಎಷ್ಟು ದೂರದೊಳಗೆ ನಿಲ್ಲುತ್ತದೆ ಎಂದು ಕೇಳುವವರು ವಿರಳ. ಆದರೂ ಆಲೋಚಿಸಿ ನೋಡಿದರೆ, ಬೇಕೆಂದಾಗ ನಿಲ್ಲಿಸಬಹುದೆಂಬ ಭರವಸೆಯಿಂದಲೇ ನಾವು ಗಾಡಿಯನ್ನು ಓಡಿಸುವ ಧೈರ್ಯ ಮಾಡುತ್ತೇವೆ. ಬ್ರೇಕು ಕೆಟ್ಟ ಗಾಡಿಯನ್ನು ಎಂಥ ಸಾಹಸಿಯೂ ಸಂತೆಬೀದಿಯಲ್ಲಿ ನಡೆಸಲಾರನು. ಎಂಜಿನ್ನು ಎಷ್ಟು ಮುಖ್ಯವೋ ಬ್ರೇಕೂ ಅಷ್ಟೇ ಮುಖ್ಯ. ಆದರೆ ಎಂಜಿನ್ನು ಸದ್ದುಮಾಡಿ ತನ್ನ ಇರವನ್ನು ಸಾರುತ್ತದೆ. ಬ್ರೇಕು ಕೆಡುವವರೆಗೆ ಅದರ ಕಡೆ ಯಾರ ಗಮನವೂ ಹೋಗುವುದಿಲ್ಲ.

ಈ ಹೊತ್ತು ನಾನು ಹೇಳಬೇಕೆಂದಿರುವುದು ಮೂರು ಸಂಗತಿಗಳು. ಗಾಡಿ ನಿಂತಾಗ ಅದರ ವೇಗ ಎಲ್ಲಿಗೆ ಹೋಗುತ್ತದೆ ಎಂಬುದು ಒಂದು. ಚಾಲಕನ ಕಾಲಿನ ಒತ್ತು ನಾಲ್ಕು ಚಕ್ರಗಳಿಗೂ ಹೇಗೆ ಮುಟ್ಟುತ್ತದೆ ಎಂಬುದು ಎರಡನೆಯದು. ಇಷ್ಟೆಲ್ಲ ಏರ್ಪಾಡು ಇದ್ದರೂ ಬ್ರೇಕು ಕೆಲವು ವೇಳೆ ಕೈಕೊಡುವುದೇಕೆ ಎಂಬುದು ಮೂರನೆಯದು. ಈ ಮೂರನೆಯದಕ್ಕಾಗಿಯೇ ಮೊದಲಿನ ಎರಡನ್ನೂ ತಿಳಿಯಬೇಕಾಗಿದೆ.

ಮೊದಲನೆಯ ಪ್ರಶ್ನೆ ತೋರುವಷ್ಟು ಸುಲಭವಲ್ಲ. ಬ್ರೇಕು ಒತ್ತಿದೊಡನೆ ವೇಗ ಇಲ್ಲವಾಯಿತು ಎಂದು ನಾವು ಹೇಳುತ್ತೇವೆ. ಪ್ರಕೃತಿಯಲ್ಲಿ ಯಾವ ಶಕ್ತಿಯೂ ಹಾಗೆ ಇಲ್ಲವಾಗುವುದಿಲ್ಲ. ಒಂದು ರೂಪವನ್ನು ಬಿಟ್ಟು ಇನ್ನೊಂದು ರೂಪವನ್ನು ತಾಳುತ್ತದೆ. ಚಳಿಗಾಲದ ಬೆಳಗ್ಗೆ ಅಂಗೈಗಳನ್ನು ಉಜ್ಜಿದರೆ ಬೆಚ್ಚಗಾಗುವುದು ಎಲ್ಲರಿಗೂ ತಿಳಿದ ಅನುಭವ. ಕೈಯ ಚಲನೆ ಘರ್ಷಣೆಯ ಮೂಲಕ ಶಾಖವಾಗಿ ಮಾರ್ಪಟ್ಟಿತು. ಬ್ರೇಕು ಮಾಡುವ ಕೆಲಸ ಇಷ್ಟೇ. ಚಕ್ರದೊಡನೆ ತಿರುಗುತ್ತಿರುವ ಕಬ್ಬಿಣಕ್ಕೆ ತಿರುಗದೆ ಇರುವ ಇನ್ನೊಂದು ವಸ್ತುವನ್ನು ಒತ್ತಿ ಹಿಡಿದು, ಗಾಡಿಯ ಚಲನಶಕ್ತಿಯನ್ನೆಲ್ಲ ಶಾಖವನ್ನಾಗಿ ಮಾಡಿ, ಆ ಶಾಖವನ್ನು ಗಾಳಿಗೆ ಬಿಟ್ಟುಕೊಡುವ ಯಂತ್ರವೇ ಬ್ರೇಕು.

ಈ ಶಾಖವೇನೂ ಅಲ್ಪವಲ್ಲ. 1000 ಕಿಲೋಗ್ರಾಂ ತೂಕದ ಒಂದು ಸಣ್ಣ ಕಾರು ಗಂಟೆಗೆ 100 ಕಿಲೋಮೀಟರು ವೇಗದಿಂದ ಬಂದು ನಿಂತಿತೆಂದು ಎಣಿಸೋಣ. ಅಷ್ಟರಲ್ಲಿ ಹುಟ್ಟಿದ ಶಾಖದಿಂದ ಒಂದು ಲೀಟರಿಗಿಂತ ಹೆಚ್ಚು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಬಹುದು. ನಮ್ಮ ಮನೆಯ ಒಲೆಗೆ ಇದಕ್ಕೆ ಹಲವು ನಿಮಿಷ ಬೇಕು. ಬ್ರೇಕು ನಾಲ್ಕೈದು ಸೆಕೆಂಡುಗಳಲ್ಲಿ ಮಾಡಿ ಮುಗಿಸುತ್ತದೆ.

ಇಲ್ಲಿ ಗಮನಿಸಬೇಕಾದ ಗಣಿತವೊಂದುಂಟು. ಚಲನಶಕ್ತಿ ವೇಗದೊಡನೆ ಸಮಸಮನಾಗಿ ಬೆಳೆಯುವುದಿಲ್ಲ. ವೇಗದ ವರ್ಗಕ್ಕೆ ಅನುಸಾರವಾಗಿ ಬೆಳೆಯುತ್ತದೆ. ವೇಗ ಎರಡರಷ್ಟಾದರೆ ಶಕ್ತಿ ನಾಲ್ಕರಷ್ಟಾಗುತ್ತದೆ, ಮೂರರಷ್ಟಾದರೆ ಒಂಬತ್ತರಷ್ಟು. ಆದುದರಿಂದ ನಿಲ್ಲಲು ಬೇಕಾಗುವ ದೂರವೂ ಹಾಗೆಯೇ ಬೆಳೆಯುತ್ತದೆ. ಒಣಗಿದ ಒಳ್ಳೆಯ ಡಾಂಬರು ರಸ್ತೆಯಲ್ಲಿ ಗಂಟೆಗೆ 30 ಕಿಲೋಮೀಟರು ವೇಗದ ಗಾಡಿ ಬ್ರೇಕು ಹಿಡಿದ ಮೇಲೆ ಸುಮಾರು 5 ಮೀಟರಿನಲ್ಲಿ ನಿಲ್ಲಬಹುದು. 60 ಕಿಲೋಮೀಟರಾದರೆ 20 ಮೀಟರು ಬೇಕು. 120 ಆದರೆ 80 ಮೀಟರು.

ಇದೇ ಲೆಕ್ಕದ ಇನ್ನೊಂದು ಮುಖವನ್ನು ನೋಡಿ. ಎರಡು ಗಾಡಿಗಳು ಅಕ್ಕಪಕ್ಕದಲ್ಲಿ ಬರುತ್ತಿವೆ. ಒಂದರ ವೇಗ 60, ಇನ್ನೊಂದರದು 80. ರಸ್ತೆಗೆ ಅಡ್ಡವಾಗಿ ಒಂದು ಎಮ್ಮೆ ಬಂದಿತೆಂದು ಇಬ್ಬರೂ ಒಂದೇ ಗೆರೆಯಲ್ಲಿ, ಒಂದೇ ಬಲದಿಂದ ಬ್ರೇಕು ಹಿಡಿದರು. ಮೊದಲನೆಯ ಗಾಡಿ ಎಮ್ಮೆಯ ಮುಂದೆ ಒಂದು ಗೇಣು ದೂರದಲ್ಲಿ ನಿಂತಿತು. ಎರಡನೆಯದು ಆ ಸ್ಥಳಕ್ಕೆ ಬಂದಾಗ ಅದರ ವೇಗ ಎಷ್ಟಿರಬಹುದು? ಇಪ್ಪತ್ತು ಎಂದು ಹೇಳಲು ನಾಲಗೆ ತವಕಪಡುತ್ತದೆ. ನಿಜವಾದ ಉತ್ತರ ಸುಮಾರು 53. ಎಂಬತ್ತರ ವರ್ಗದಿಂದ ಅರವತ್ತರ ವರ್ಗವನ್ನು ಕಳೆದು ವರ್ಗಮೂಲವನ್ನು ತೆಗೆದರೆ ಯಾರು ಬೇಕಾದರೂ ಇದನ್ನು ಕಂಡುಕೊಳ್ಳಬಹುದು. ಅವಸರದಲ್ಲಿ ಹೆಚ್ಚಿಸಿಕೊಂಡ ಇಪ್ಪತ್ತು ಕಿಲೋಮೀಟರಿನ ಬೆಲೆ ಇಷ್ಟು.

ಇನ್ನು ಎರಡನೆಯ ಸಂಗತಿಗೆ ಬರೋಣ. ತಿರುಗುವ ಚಕ್ರಕ್ಕೆ ಏನನ್ನಾದರೂ ಒತ್ತಿ ನಿಲ್ಲಿಸುವ ಉಪಾಯ ಬಹಳ ಹಳೆಯದು. ಇಳಿಜಾರಿನಲ್ಲಿ ಎತ್ತಿನ ಗಾಡಿಯ ಚಕ್ರಕ್ಕೆ ಮರದ ತುಂಡು ಒತ್ತುವಂತೆ ಹಗ್ಗ ಬಿಗಿಯುವ ಏರ್ಪಾಡಿಗೆ ನಮ್ಮವರು ಬಿರಿ ಎಂದು ಹೆಸರಿಟ್ಟಿದ್ದಾರೆ. ಮೊದಲ ಮೋಟಾರು ಗಾಡಿಗಳ ಬ್ರೇಕೂ ಇದಕ್ಕಿಂತ ಬಹಳ ಮುಂದುವರಿದುದಾಗಿರಲಿಲ್ಲ. 1888ರಲ್ಲಿ ಜರ್ಮನಿಯ ಬರ್ತಾ ಬೆನ್ಜ್ ಎಂಬ ಮಹಿಳೆ ತನ್ನ ಪತಿ ನಿರ್ಮಿಸಿದ ಮೂರು ಚಕ್ರದ ಗಾಡಿಯಲ್ಲಿ ಇಬ್ಬರು ಮಕ್ಕಳನ್ನು ಕೂರಿಸಿಕೊಂಡು ಮಾನ್‌ಹೈಮಿನಿಂದ ಫೋರ್ಜ್‌ಹೈಮಿಗೆ ಪ್ರಯಾಣ ಮಾಡಿದಳು. ಗುಡ್ಡಗಳನ್ನು ಇಳಿಯುವಾಗ ಬ್ರೇಕಿನ ಮರದ ತುಂಡುಗಳು ಸವೆದುಹೋದುವು. ಆಕೆ ದಾರಿಯಲ್ಲಿ ಸಿಕ್ಕ ಒಬ್ಬ ಚಮ್ಮಾರನಿಂದ ಅವುಗಳಿಗೆ ತೊಗಲನ್ನು ಹೊಡೆಸಿಕೊಂಡು ಮುಂದೆ ಹೊರಟಳೆಂದು ಹೇಳುತ್ತಾರೆ. ಇಂಗ್ಲೆಂಡಿನ ಡರ್ಬಿಷೈರ್ ಪ್ರಾಂತದಲ್ಲಿ ಗಾಡಿಯವರು ಬ್ರೇಕಿನ ಮರಕ್ಕೆ ಹಳೆಯ ಬೂಟುಗಳನ್ನು ಹೊಡೆಯುತ್ತಿದ್ದುದನ್ನು ಕಂಡು, ಹರ್ಬರ್ಟ್ ಫ್ರೂಡ್ ಎಂಬವನು 1897ರಲ್ಲಿ ಬ್ರೇಕಿನ ಹೊದಿಕೆಗಳನ್ನು ತಯಾರಿಸುವ ಉದ್ಯಮವನ್ನೇ ತೊಡಗಿದನೆಂಬುದೂ ಪ್ರಸಿದ್ಧವಾದ ಕಥೆ. ಬಿಸಿಗೆ ಕರಗದೆ, ಸುಡದೆ, ಬೇಗ ಸವೆಯದೆ, ಸದಾ ಒಂದೇ ಬಿಗಿಯಾಗಿ ಹಿಡಿಯುವ ಪದಾರ್ಥವೊಂದು ಬೇಕೆಂಬ ಹುಡುಕಾಟ ಅಲ್ಲಿಂದ ಮೊದಲಾಯಿತು. ಬಹುಕಾಲ ಕಲ್ನಾರು ಈ ಕೆಲಸಕ್ಕೆ ಬಳಕೆಯಲ್ಲಿತ್ತು. ಅದರ ಧೂಳು ಶ್ವಾಸಕೋಶಕ್ಕೆ ಮಾರಕವೆಂದು ತಿಳಿದ ಮೇಲೆ ಬೇರೆ ನಾರುಗಳನ್ನೂ ಲೋಹದ ಪುಡಿಗಳನ್ನೂ ರಾಳದೊಡನೆ ಬೆರಸಿ ಮಾಡಿದ ಹೊದಿಕೆಗಳು ಬಂದಿವೆ.

ಹೊದಿಕೆಗಿಂತಲೂ ಕಷ್ಟವಾದುದು ಕಾಲಿನ ಒತ್ತನ್ನು ಚಕ್ರಕ್ಕೆ ಮುಟ್ಟಿಸುವ ಪ್ರಶ್ನೆ. ಮೊದಮೊದಲು ಕಂಬಿಗಳನ್ನೂ ಉಕ್ಕಿನ ಹುರಿಗಳನ್ನೂ ಇದಕ್ಕಾಗಿ ಬಳಸುತ್ತಿದ್ದರು. 1908ರಿಂದ 1927ರವರೆಗೆ ತಯಾರಾಗಿ ಲೋಕಪ್ರಸಿದ್ಧವಾದ ಫೋರ್ಡ್ ಟಿ ಗಾಡಿಯಲ್ಲಿ ಮುಂದಿನ ಚಕ್ರಗಳಿಗೆ ಬ್ರೇಕೇ ಇರಲಿಲ್ಲ. ಕಾಲಿನ ಬ್ರೇಕು ಗೇರಿನ ಪೆಟ್ಟಿಗೆಯೊಳಗಿನ ಉರುಳೆಯನ್ನು ಹಿಡಿಯುತ್ತಿತ್ತು; ಕೈಯ ಬ್ರೇಕು ಹಿಂದಿನ ಎರಡು ಚಕ್ರಗಳನ್ನು ಹಿಡಿಯುತ್ತಿತ್ತು. ಎಂಜಿನಿಯರರು ಮುಂದಿನ ಚಕ್ರಗಳಿಗೆ ಹೆದರಿದ್ದು ಸಕಾರಣವಾಗಿಯೇ. ಕಂಬಿಗಳಲ್ಲಿ ಒಂದು ಕೂದಲೆಳೆಯಷ್ಟು ಹೆಚ್ಚು ಕಡಮೆಯಾದರೂ ಎಡಚಕ್ರ ಬಿಗಿಯಾಗಿ, ಬಲಚಕ್ರ ಸಡಿಲವಾಗಿ, ಗಾಡಿ ಒಂದು ಪಕ್ಕಕ್ಕೆ ಎಳೆಯುತ್ತದೆ. ಮುಂದಿನ ಚಕ್ರಗಳು ಎಡಕ್ಕೂ ಬಲಕ್ಕೂ ತಿರುಗತಕ್ಕವು; ರಸ್ತೆಯ ಹಳ್ಳದಿಣ್ಣೆಗಳಿಗೆ ಏರಿಳಿಯತಕ್ಕವು. ಹೀಗೆ ಸದಾ ಅಲುಗಾಡುವ ಚಕ್ರಕ್ಕೆ ಗಟ್ಟಿಯಾದ ಕಂಬಿಯಿಂದ ಸಮನಾದ ಒತ್ತನ್ನು ಕಳುಹಿಸುವುದು ಹೇಗೆ?

ಉತ್ತರ ಸಿಕ್ಕಿದ್ದು ಹದಿನೇಳನೆಯ ಶತಮಾನದ ಒಂದು ತತ್ತ್ವದಲ್ಲಿ. ಫ್ರಾನ್ಸ್ ದೇಶದ ಬ್ಲೇಸ್ ಪಾಸ್ಕಲ್ ಎಂಬ ತತ್ತ್ವಜ್ಞಾನಿ ಮುಚ್ಚಿದ ಪಾತ್ರೆಯೊಳಗಿನ ದ್ರವದ ಸ್ವಭಾವವನ್ನು ವಿವರಿಸಿದನು. ಅಂಥ ದ್ರವವನ್ನು ಒಂದು ಕಡೆ ಅದುಮಿದರೆ ಆ ಒತ್ತಡ ಕಡಮೆಯಾಗದೆ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ದ್ರವವನ್ನು ಕುಗ್ಗಿಸುವುದು ಅಸಾಧ್ಯವೆನ್ನುವಷ್ಟು ಕಷ್ಟ. ಆದರೆ ಅದಕ್ಕೆ ತನ್ನದೇ ಆದ ಆಕಾರವಿಲ್ಲದುದರಿಂದ ಎಂಥ ಡೊಂಕು ಕೊಳವೆಯಲ್ಲಿಯೂ ಹಾದುಹೋಗುತ್ತದೆ. ಮಾಲ್ಕಮ್ ಲಾಕ್‌ಹೀಡ್ ಎಂಬ ಅಮೆರಿಕದವನು ಈ ತತ್ತ್ವದ ಮೇಲೆ ಮೋಟಾರು ಗಾಡಿಗೆ ದ್ರವದ ಬ್ರೇಕನ್ನು ರಚಿಸಿದನು. 1921ರಲ್ಲಿ ಡ್ಯೂಸನ್‌ಬರ್ಗ್ ಎಂಬ ಬೆಲೆಬಾಳುವ ಕಾರಿನಲ್ಲಿ ನಾಲ್ಕು ಚಕ್ರಗಳಿಗೂ ಅದು ಬಂತು. 1924ರಲ್ಲಿ ಕ್ರೈಸ್ಲರ್ ಕಾರಿನ ಮೂಲಕ ಹೆಚ್ಚು ಜನರ ಕೈಗೆ ಎಟುಕಿತು.

ಈ ಏರ್ಪಾಡನ್ನು ಕಣ್ಣಮುಂದೆ ತಂದುಕೊಳ್ಳೋಣ. ಚಾಲಕನ ಕಾಲಿನ ಕೆಳಗಿನ ಪೆಡಲು ಒಂದು ಸನ್ನೆ. ಅದರ ಉದ್ದನೆಯ ತೋಳು ಕಾಲಿನ ಕಡೆಗೂ ಮೋಟು ತೋಳು ಯಂತ್ರದ ಕಡೆಗೂ ಇರುತ್ತದೆ. ಕಾಲು 20 ಕಿಲೋಗ್ರಾಂ ಭಾರದಷ್ಟು ಒತ್ತಿತು. ಸನ್ನೆ ಅದನ್ನು ಐದರಷ್ಟು ಮಾಡಿ 100 ಕಿಲೋಗ್ರಾಂ ಆಗಿಸಿತು ಎಂದು ಇಟ್ಟುಕೊಳ್ಳಿ. ಈ ಒತ್ತು ಮಾಸ್ಟರ್ ಸಿಲಿಂಡರು ಎಂದು ಕರೆಯುವ ಸಣ್ಣ ಉರುಳೆಯೊಳಗಿನ ಪಿಸ್ಟನ್ನಿನ ಮೇಲೆ ಬೀಳುತ್ತದೆ. ಹೋಳಿಹಬ್ಬದ ಪಿಚಕಾರಿಯನ್ನು ನೆನೆಸಿಕೊಂಡರೆ ಇದರ ರಚನೆ ತಿಳಿಯುತ್ತದೆ. ಪಿಸ್ಟನ್ನಿನ ಮುಖ 4 ಚದರ ಸೆಂಟಿಮೀಟರಾದರೆ, ದ್ರವದಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 25 ಕಿಲೋಗ್ರಾಂ ಒತ್ತಡ ಉಂಟಾಯಿತು. ಈ ಒತ್ತಡ ಸಣ್ಣ ಉಕ್ಕಿನ ಕೊಳವೆಗಳಲ್ಲಿಯೂ, ಚಕ್ರದ ಬಳಿ ಬಾಗುವ ರಬ್ಬರು ನಳಿಗೆಗಳಲ್ಲಿಯೂ ಹಾದು, ಚಕ್ರದ ಹತ್ತಿರ ಇನ್ನೊಂದು ಪಿಸ್ಟನ್ನನ್ನು ಮುಟ್ಟುತ್ತದೆ. ಅದರ ಮುಖ 20 ಚದರ ಸೆಂಟಿಮೀಟರಿದ್ದರೆ ಅಲ್ಲಿ ದೊರೆಯುವ ಒತ್ತು 500 ಕಿಲೋಗ್ರಾಂ. ಕಾಲಿನ 20 ಚಕ್ರದಲ್ಲಿ 500 ಆಯಿತು!

ಇದು ಪುಕ್ಕಟೆಯಾಗಿ ಬಂದ ಲಾಭವಲ್ಲ. ಒತ್ತು ಹೆಚ್ಚಿದಷ್ಟೂ ಸರಿಯುವ ದೂರ ಕಡಮೆಯಾಗುತ್ತದೆ. ಪೆಡಲು ಕೆಲವು ಸೆಂಟಿಮೀಟರು ಇಳಿದರೆ ಚಕ್ರದ ಪಿಸ್ಟನ್ನು ಕೂದಲಿನ ದಪ್ಪದ ಲೆಕ್ಕದಲ್ಲಿ ಮುಂದೆ ಬರುತ್ತದೆ. ಅದಕ್ಕೆ ಅಷ್ಟೇ ಸಾಕು. ಆದರೆ ಕೊಳವೆಯಲ್ಲಿ ಒಂದು ಗಾಳಿಯ ಗುಳ್ಳೆ ಸೇರಿದರೂ ಕಾಲು ಒತ್ತಿದ ದೂರವೆಲ್ಲ ಆ ಗುಳ್ಳೆಯನ್ನು ಕುಗ್ಗಿಸುವುದರಲ್ಲಿಯೇ ಮುಗಿದುಹೋಗಿ, ಚಕ್ರಕ್ಕೆ ಏನೂ ಮುಟ್ಟದೆ ಹೋಗಬಹುದು. ಈ ಮಾತು ಮುಂದೆ ನಮ್ಮ ಉಪಯೋಗಕ್ಕೆ ಬರುತ್ತದೆ.

ಚಕ್ರದ ಕಡೆಯ ಭಾಗ ಎರಡು ವಿಧ. ಡ್ರಮ್ಮು ಎಂಬುದು ಚಕ್ರದೊಡನೆ ತಿರುಗುವ ಕಬ್ಬಿಣದ ಡಬರಿ. ಅದರೊಳಗೆ ಅರ್ಧಚಂದ್ರಾಕಾರದ ಎರಡು ಷೂಗಳಿರುತ್ತವೆ; ದ್ರವದ ಒತ್ತಡ ಬಂದಾಗ ಅವು ಹೊರಕ್ಕೆ ಅಗಲಿ ಡಬರಿಯ ಒಳಮೈಯನ್ನು ಉಜ್ಜುತ್ತವೆ. ಕಾಲು ತೆಗೆದೊಡನೆ ಸ್ಪ್ರಿಂಗುಗಳು ಅವುಗಳನ್ನು ಹಿಂದಕ್ಕೆ ಸೆಳೆಯುತ್ತವೆ. ಡಿಸ್ಕು ಎಂಬುದು ಚಕ್ರದೊಡನೆ ತಿರುಗುವ ಕಬ್ಬಿಣದ ತಟ್ಟೆ. ಅದನ್ನು ಇಕ್ಕುಳದಂಥ ಒಂದು ಹಿಡಿ ಎರಡು ಕಡೆಯಿಂದಲೂ ಪ್ಯಾಡುಗಳಿಂದ ಅವುಚುತ್ತದೆ. ಫ್ರಾನ್ಸಿನ ಲೂಯಿ ರೆನೋ ಡ್ರಮ್ಮನ್ನೂ, ಇಂಗ್ಲೆಂಡಿನ ಲ್ಯಾಂಚೆಸ್ಟರ್ ಡಿಸ್ಕನ್ನೂ ಬಳಕೆಗೆ ತಂದದ್ದು ಒಂದೇ ವರ್ಷ, 1902ರಲ್ಲಿ. ಆದರೆ ಡಿಸ್ಕಿಗೆ ಕಾಲ ಕೂಡಿಬರುವುದು ತಡವಾಯಿತು. 1953ರಲ್ಲಿ ಫ್ರಾನ್ಸಿನ ಲೆ ಮಾನ್ ಎಂಬಲ್ಲಿ ನಡೆದ ಇಪ್ಪತ್ತನಾಲ್ಕು ಗಂಟೆಗಳ ಪಂದ್ಯದಲ್ಲಿ ಡಿಸ್ಕು ಬ್ರೇಕುಳ್ಳ ಜಾಗ್ವಾರ್ ಕಾರು ಗೆದ್ದ ಮೇಲೆ ಅದರ ಮೇಲ್ಮೆ ಎಲ್ಲರಿಗೂ ಮನವರಿಕೆಯಾಯಿತು. ಕಾರಣ ಸ್ಪಷ್ಟವಾಗಿದೆ. ಡಬರಿಯೊಳಗೆ ಹುಟ್ಟಿದ ಶಾಖ ಅಲ್ಲಿಯೇ ಅಡಗಿ ಕೂರುತ್ತದೆ. ಬಯಲಿನಲ್ಲಿ ತಿರುಗುವ ತಟ್ಟೆಗೆ ಗಾಳಿ ಬೀಸುತ್ತಲೇ ಇರುತ್ತದೆ. ಬ್ರೇಕು ಹಿಡಿದಾಗ ಗಾಡಿಯ ಮೂಗು ತಗ್ಗುವುದನ್ನು ನೀವು ಕಂಡಿರಬಹುದು. ಆಗ ಭಾರವೆಲ್ಲ ಮುಂದಕ್ಕೆ ಸರಿಯುವುದರಿಂದ ಮುಂದಿನ ಚಕ್ರಗಳೇ ಹೆಚ್ಚಿನ ಕೆಲಸ ಮಾಡುತ್ತವೆ. ಆದುದರಿಂದಲೇ ಅನೇಕ ಸಣ್ಣ ಕಾರುಗಳಲ್ಲಿ ಮುಂದೆ ಡಿಸ್ಕು, ಹಿಂದೆ ಡ್ರಮ್ಮು ಇರುತ್ತವೆ.

ಇದಕ್ಕೆ ಸೇರಿದಂತೆ ಇನ್ನು ಮೂರು ಅನುಕೂಲಗಳುಂಟು. ಒಂದು, ಕಾಲಿನ ಒತ್ತಿಗೆ ನೆರವಾಗುವ ಬೂಸ್ಟರು. ಎಂಜಿನ್ನು ಗಾಳಿಯನ್ನು ಒಳಕ್ಕೆ ಹೀರುವಾಗ ಉಂಟಾಗುವ ನಿರ್ವಾತವನ್ನು ಒಂದು ದೊಡ್ಡ ಡಬ್ಬಿಯಲ್ಲಿ ಹಿಡಿದಿಟ್ಟು, ಹೊರಗಿನ ಗಾಳಿಯ ಒತ್ತಡವೇ ಪೆಡಲಿನ ಜೊತೆಗೆ ತಳ್ಳುವಂತೆ ಮಾಡಿದ್ದಾರೆ. ಎರಡು, ಮಾಸ್ಟರ್ ಸಿಲಿಂಡರಿನಲ್ಲಿ ಎರಡು ಕೋಣೆಗಳು. ಸಾಮಾನ್ಯವಾಗಿ ಒಂದೊಂದು ಕೋಣೆ ಮೂಲೆಯಿಂದ ಮೂಲೆಗೆ ಎರಡೆರಡು ಚಕ್ರಗಳನ್ನು ನೋಡಿಕೊಳ್ಳುತ್ತದೆ. ಒಂದು ದಾರಿಯಲ್ಲಿ ದ್ರವ ಸೋರಿಹೋದರೂ ಇನ್ನೊಂದು ದಾರಿ ಉಳಿದಿರುತ್ತದೆ. ಮೂರು, ಕೈಯ ಬ್ರೇಕು. ಬಹಳ ಕಾರುಗಳಲ್ಲಿ ಇದಕ್ಕೆ ದ್ರವದ ಹಂಗಿಲ್ಲ. ಉಕ್ಕಿನ ಹುರಿಯೊಂದು ಹಿಂದಿನ ಚಕ್ರಗಳನ್ನು ನೇರವಾಗಿ ಎಳೆದು ಹಿಡಿಯುತ್ತದೆ.

ಇಷ್ಟೆಲ್ಲ ಆದ ಮೇಲೂ ಒಂದು ಮಾತನ್ನು ನಾವು ಮರೆಯುತ್ತೇವೆ. ಬ್ರೇಕು ನಿಲ್ಲಿಸುವುದು ಚಕ್ರವನ್ನು ಮಾತ್ರ. ಗಾಡಿಯನ್ನು ನಿಲ್ಲಿಸತಕ್ಕದ್ದು ರಸ್ತೆ. ತೇರನ್ನು ನಿಲ್ಲಿಸಬೇಕಾದಾಗ ಗಾಲಿಗೂ ನೆಲಕ್ಕೂ ನಡುವೆ ಮರದ ತುಂಡನ್ನು ಅಡ್ಡ ಕೊಡುತ್ತಾರೆ. ಅಲ್ಲಿ ನೆಲದ ಆಸರೆ ಕಣ್ಣಿಗೆ ಕಾಣುತ್ತದೆ. ಮೋಟಾರು ಗಾಡಿಯಲ್ಲಿ ಆ ಆಸರೆ ಕಾಣದಂತೆ ಅಡಗಿದೆ. ಪ್ರತಿಯೊಂದು ಟೈರೂ ನೆಲವನ್ನು ಮುಟ್ಟುವುದು ಹೆಚ್ಚುಕಡಮೆ ಒಂದು ಅಂಗೈಯಗಲದ ಜಾಗದಲ್ಲಿ. ನಾಲ್ಕು ಅಂಗೈಗಳಷ್ಟು ರಬ್ಬರು ರಸ್ತೆಯನ್ನು ಹಿಡಿದುಕೊಂಡಿರುವುದರ ಮೇಲೆ ಗಾಡಿಯೊಳಗಿನ ಎಲ್ಲರ ಪ್ರಾಣವೂ ನಿಂತಿದೆ. ಮೊದಲ ಮಳೆ ಬಿದ್ದು ಧೂಳೂ ಎಣ್ಣೆಯೂ ಕಲಸಿದ ರಸ್ತೆಯಲ್ಲಿ ಈ ಹಿಡಿತ ಬಹಳ ಕುಗ್ಗುತ್ತದೆ. ಒಣರಸ್ತೆಯಲ್ಲಿ 20 ಮೀಟರಿನಲ್ಲಿ ನಿಲ್ಲುತ್ತಿದ್ದ ಗಾಡಿ ಅಂಥ ಕಡೆ 35 ಮೀಟರು ಹೋದರೂ ಆಶ್ಚರ್ಯವಿಲ್ಲ. ಟೈರಿನ ಗೀರುಗಳು ನೀರನ್ನು ಪಕ್ಕಕ್ಕೆ ತಳ್ಳುವ ಕಾಲುವೆಗಳು. ಅವು ಸವೆದು ಟೈರು ಬೋಳಾದರೆ ಬ್ರೇಕು ಹೊಸದಾಗಿದ್ದೂ ಪ್ರಯೋಜನವಿಲ್ಲ.

ಬ್ರೇಕನ್ನು ಅತಿಯಾಗಿ ಒತ್ತಿದರೆ ಚಕ್ರ ತಿರುಗುವುದನ್ನೇ ನಿಲ್ಲಿಸಿ, ಟೈರು ರಸ್ತೆಯ ಮೇಲೆ ಜಾರತೊಡಗುತ್ತದೆ. ಜಾರುವ ಟೈರಿನ ಹಿಡಿತ ಉರುಳುವ ಟೈರಿನ ಹಿಡಿತಕ್ಕಿಂತ ಸಾಮಾನ್ಯವಾಗಿ ಕಡಮೆ. ಅದಕ್ಕಿಂತ ಕೇಡಿನ ಸಂಗತಿಯೆಂದರೆ, ಜಾರುವ ಚಕ್ರ ಚುಕ್ಕಾಣಿಯ ಮಾತನ್ನು ಕೇಳುವುದಿಲ್ಲ. ಎತ್ತ ತಿರುಗಿಸಿದರೂ ಗಾಡಿ ತಾನು ಹೊರಟ ದಿಕ್ಕಿಗೇ ಹೋಗುತ್ತದೆ. ಈ ಕೇಡನ್ನು ತಪ್ಪಿಸಲು ಬಂದದ್ದು ಎ.ಬಿ.ಎಸ್. ಎಂಬ ಏರ್ಪಾಡು. 1978ರಲ್ಲಿ ಜರ್ಮನಿಯ ಬಾಷ್ ಸಂಸ್ಥೆಯವರು ರಚಿಸಿದ ಇದು ಮೊದಲು ಮರ್ಸಿಡಿಸ್ ಕಾರಿನಲ್ಲಿ ಬಂತು. ಪ್ರತಿ ಚಕ್ರದ ಬಳಿಯೂ ಅದರ ವೇಗವನ್ನು ಅಳೆಯುವ ಒಂದು ಸಾಧನವಿರುತ್ತದೆ. ಯಾವುದೋ ಒಂದು ಚಕ್ರ ಥಟ್ಟನೆ ನಿಲ್ಲುವ ಹಾಗೆ ಕಂಡರೆ, ಸಣ್ಣ ಕಂಪ್ಯೂಟರೊಂದು ಅದಕ್ಕೆ ಹೋಗುವ ದ್ರವದ ಒತ್ತಡವನ್ನು ಕ್ಷಣಮಾತ್ರ ಸಡಿಲಿಸಿ ಮತ್ತೆ ಬಿಗಿಯುತ್ತದೆ. ಒಂದೇ ಸೆಕೆಂಡಿನಲ್ಲಿ ಹೀಗೆ ಹಲವು ಸಾರಿ ನಡೆಯುತ್ತದೆ. ಆಗ ಪೆಡಲು ಕಾಲಿನ ಕೆಳಗೆ ಟಕಟಕನೆ ಅದುರುತ್ತದೆ. ಇದನ್ನು ತಿಳಿಯದವರು ಏನೋ ಮುರಿಯಿತೆಂದು ಹೆದರಿ ಕಾಲನ್ನು ಎತ್ತಿಬಿಡುತ್ತಾರೆ. ಹಾಗೆ ಮಾಡಕೂಡದು. ಕಾಲನ್ನು ಭದ್ರವಾಗಿ ಒತ್ತಿಹಿಡಿದು, ಅಡ್ಡಬಂದುದನ್ನು ಚುಕ್ಕಾಣಿಯಿಂದ ತಪ್ಪಿಸಿಕೊಳ್ಳಬೇಕು. ನಮ್ಮ ದೇಶದಲ್ಲಿ 2019ರ ಏಪ್ರಿಲ್ ತಿಂಗಳಿಂದ ತಯಾರಾಗುವ ಹೊಸ ಕಾರುಗಳಿಗೆ ಇದು ಕಡ್ಡಾಯವಾಗಿದೆ. ಆದರೆ ಇದು ರಸ್ತೆಯ ಹಿಡಿತವನ್ನು ಹೊಸದಾಗಿ ಸೃಷ್ಟಿಸಲಾರದು. ಇರುವ ಹಿಡಿತವನ್ನು ಪೋಲಾಗದಂತೆ ಕಾಯುತ್ತದೆ, ಅಷ್ಟೆ.

ಈಗ ಮೂರನೆಯ ಪ್ರಶ್ನೆ. ಇಷ್ಟು ಭದ್ರವಾದ ಬ್ರೇಕು ಹೇಗೆ ಕೈಕೊಡುತ್ತದೆ? ಇದನ್ನು ತಿಳಿಯಲು ಘಟ್ಟವನ್ನು ಇಳಿಯುವುದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಆಗುಂಬೆ, ಚಾರ್ಮಾಡಿ, ಶಿರಾಡಿ ಇವುಗಳಲ್ಲಿ ಯಾವುದಾದರೊಂದನ್ನು ಇಳಿದು ಕರಾವಳಿಗೆ ಹೋದವರು, ಕೆಳಗೆ ಬಂದು ಗಾಡಿಯನ್ನು ನಿಲ್ಲಿಸಿದಾಗ ಚಕ್ರಗಳ ಕಡೆಯಿಂದ ಸುಟ್ಟ ವಾಸನೆ ಬರುವುದನ್ನು ಕಂಡಿರಬಹುದು. ಅದು ಬ್ರೇಕಿನ ಮೊರೆ.

ನಮ್ಮ 1000 ಕಿಲೋಗ್ರಾಂ ಕಾರು 500 ಮೀಟರು ಎತ್ತರದಿಂದ ಕೆಳಗಿಳಿಯಿತೆಂದು ಎಣಿಸೋಣ. ವೇಗ ಹೆಚ್ಚದಂತೆ ಬ್ರೇಕೊಂದರಿಂದಲೇ ತಡೆದುಕೊಂಡು ಬಂದರೆ, ಆ ಎತ್ತರದಲ್ಲಿ ಅಡಗಿದ್ದ ಶಕ್ತಿಯ ಬಹುಭಾಗ ಬ್ರೇಕಿನಲ್ಲಿ ಶಾಖವಾಗಬೇಕು. ಅದು ಗಂಟೆಗೆ 60 ಕಿಲೋಮೀಟರು ವೇಗದಿಂದ ಮೂವತ್ತೈದು ಸಾರಿ ನಿಲ್ಲಿಸಿದಾಗ ಹುಟ್ಟುವ ಶಾಖಕ್ಕೆ ಸಮ. ಹದಿನೈದು ಲೀಟರು ತಣ್ಣೀರನ್ನು ಕುದಿಯುವ ಮಟ್ಟಕ್ಕೆ ತರಲು ಸಾಕು. ಮುಂದಿನ ಎರಡು ತಟ್ಟೆಗಳು ಐದೈದು ಕಿಲೋಗ್ರಾಂ ತೂಕದವಾಗಿದ್ದು, ಶಾಖದಲ್ಲಿ ನೂರಕ್ಕೆ ಎಪ್ಪತ್ತು ಭಾಗ ಅವಕ್ಕೆ ಹೋದರೆ, ಒಂದು ಸಾರಿ ನಿಲ್ಲಿಸಿದಾಗ ಅವುಗಳ ಉಷ್ಣತೆ ಏರುವುದು ಸುಮಾರು 20 ಡಿಗ್ರಿ ಮಾತ್ರ. ಅದನ್ನು ಗಾಳಿ ಬೇಗ ಒಯ್ಯುತ್ತದೆ. ಮೂವತ್ತೈದು ಸಾರಿಯ ಶಾಖ ಬಿಡುವಿಲ್ಲದೆ ಬಂದು, ಗಾಳಿಯೂ ಸಾಕಷ್ಟು ಆಡದಿದ್ದರೆ ಏನಾಗಬಹುದೆಂಬುದನ್ನು ಗುಣಿಸಿ ನೋಡಿಕೊಳ್ಳಿ. ಭಾರ ಹೇರಿದ ಲಾರಿಯ ಪಾಡು ಇದರ ಹಲವು ಪಟ್ಟು.

ಹೀಗೆ ಕಾದಾಗ ಎರಡು ಬಗೆಯ ಕೇಡು ಸಂಭವಿಸುತ್ತದೆ. ಮೊದಲನೆಯದರಲ್ಲಿ ಪ್ಯಾಡಿನ ಹೊದಿಕೆ ತನ್ನ ಹದದ ಉಷ್ಣತೆಯನ್ನು ಮೀರಿ ಹಿಡಿತವನ್ನು ಕಳೆದುಕೊಳ್ಳುತ್ತದೆ. ಪೆಡಲು ಗಟ್ಟಿಯಾಗಿಯೇ ಇರುತ್ತದೆ. ಆದರೆ ಎಷ್ಟು ತುಳಿದರೂ ಗಾಡಿ ನಿಧಾನವಾಗುವುದಿಲ್ಲ. ಎರಡನೆಯದು ಇನ್ನೂ ಭಯಂಕರ. ಅದು ದ್ರವಕ್ಕೆ ಸಂಬಂಧಪಟ್ಟದ್ದು. ಗ್ಯಾರೇಜುಗಳಲ್ಲಿ ಬ್ರೇಕ್ ಆಯಿಲ್ ಎಂದು ಕರೆಯುವ ಈ ದ್ರವ ಬಹುತೇಕ ಕಾರುಗಳಲ್ಲಿ ನಿಜವಾಗಿ ಎಣ್ಣೆಯಲ್ಲ. ಎಂಜಿನ್ನಿನ ಎಣ್ಣೆಯನ್ನು ಅದರ ಬದಲು ಹೊಯ್ದರೆ ಒಳಗಿನ ರಬ್ಬರು ಉಬ್ಬಿ ಕೆಟ್ಟುಹೋಗುತ್ತದೆ. ಈ ದ್ರವಕ್ಕೆ ಒಂದು ದುರ್ಗುಣವುಂಟು. ಮಳೆಗಾಲದಲ್ಲಿ ಉಪ್ಪು ಹೇಗೋ ಹಾಗೆ, ಗಾಳಿಯ ತೇವವನ್ನು ಅದು ಮೆಲ್ಲಮೆಲ್ಲನೆ ಹೀರಿಕೊಳ್ಳುತ್ತದೆ. ಡಾಟ್ 3 ಎಂಬ ವರ್ಗದ ದ್ರವ ಹೊಸದಾಗಿದ್ದಾಗ 205 ಡಿಗ್ರಿ ಸೆಂಟಿಗ್ರೇಡಿಗೆ ಮೊದಲು ಕುದಿಯಕೂಡದೆಂದು ನಿಯಮ. ನೂರಕ್ಕೆ ನಾಲ್ಕು ಭಾಗದೊಳಗೆ ನೀರು ಸೇರಿದರೂ ಈ ಮಿತಿ 140ಕ್ಕೆ ಇಳಿಯುತ್ತದೆ. ಘಟ್ಟದಲ್ಲಿ ಕಾದ ಬ್ರೇಕಿನ ಬಳಿ ಆ ನೀರು ಆವಿಯಾಗುತ್ತದೆ. ಆವಿಯೆಂದರೆ ಗುಳ್ಳೆ, ಗುಳ್ಳೆ ಸೇರಿದರೆ ಏನಾಗುತ್ತದೆಂದು ಆಗಲೇ ಹೇಳಿದೆನಷ್ಟೆ. ಅರ್ಧ ಗಂಟೆಯ ಹಿಂದೆ ಸರಿಯಾಗಿದ್ದ ಪೆಡಲು, ತಿರುವಿನ ಮುಂದೆ ಕಾಲಿಟ್ಟಾಗ ಹತ್ತಿಯ ಮೂಟೆಯನ್ನು ತುಳಿದಂತೆ ನೆಲಕ್ಕೆ ಇಳಿದುಬಿಡುತ್ತದೆ. ಕೆಲವು ಹೊತ್ತಿನ ಮೇಲೆ ತಣ್ಣಗಾಗಿ ಆವಿ ಮತ್ತೆ ನೀರಾದಾಗ ಬ್ರೇಕು ಮೊದಲಿನಂತೆ ಕೆಲಸಮಾಡುತ್ತದೆ. ಪರೀಕ್ಷೆ ಮಾಡಿದ ಮೆಕ್ಯಾನಿಕ್ಕು ಏನೂ ಕೆಟ್ಟಿಲ್ಲವೆಂದು ಹೇಳಿದರೆ ಅವನ ಮಾತು ಸುಳ್ಳಲ್ಲ. ಎರಡು ವರ್ಷಕ್ಕೊಮ್ಮೆಯಾದರೂ ಈ ದ್ರವವನ್ನು ಬದಲಾಯಿಸಬೇಕೆಂದು ಹೇಳುವುದು ಇದಕ್ಕಾಗಿಯೇ. ಅದಕ್ಕಾಗುವ ಖರ್ಚು ಒಂದು ಟೈರಿನ ಬೆಲೆಗಿಂತ ಬಹಳ ಕಡಮೆ.

ಕೆಲವರಲ್ಲಿ ಒಂದು ಕೆಟ್ಟ ಅಭ್ಯಾಸವಿದೆ. ಪೆಟ್ರೋಲು ಉಳಿಯುತ್ತದೆಂದು ಇಳಿಜಾರಿನಲ್ಲಿ ಗೇರನ್ನು ನ್ಯೂಟ್ರಲ್ಲಿಗೆ ತಂದು, ಕೆಲವೊಮ್ಮೆ ಎಂಜಿನ್ನನ್ನೇ ಆರಿಸಿ ಗಾಡಿಯನ್ನು ಉರುಳಲು ಬಿಡುತ್ತಾರೆ. ಗೇರು ಹಾಕಿದ್ದಾಗ ಚಕ್ರಗಳು ಎಂಜಿನ್ನನ್ನು ಬಲವಂತವಾಗಿ ತಿರುಗಿಸಬೇಕಾಗುತ್ತದೆ. ಆ ಶ್ರಮದಿಂದ ಗಾಡಿ ತಾನಾಗಿ ನಿಧಾನವಾಗುತ್ತದೆ. ಎಂಜಿನ್ನಿಗೆ ನೀರೂ ಗಾಳಿಯೂ ತಂಪು ಕೊಡುತ್ತಿರುವುದರಿಂದ ಈ ಶ್ರಮ ಅದಕ್ಕೊಂದು ಭಾರವಲ್ಲ. ನ್ಯೂಟ್ರಲ್ಲಿಗೆ ತಂದವನು ಈ ಸಹಾಯವನ್ನು ಕೈಯಾರೆ ಬಿಟ್ಟುಕೊಟ್ಟು ಎಲ್ಲ ಭಾರವನ್ನೂ ಬ್ರೇಕಿನ ಮೇಲೆ ಹಾಕುತ್ತಾನೆ. ಎಂಜಿನ್ನನ್ನು ಆರಿಸಿದರಂತೂ ನಿರ್ವಾತದ ನೆರವು ಒಂದೆರಡು ಸಾರಿ ತುಳಿಯುವಷ್ಟರಲ್ಲಿ ಮುಗಿಯುತ್ತದೆ. ಆಮೇಲೆ ಪೆಡಲು ಕಲ್ಲಿನಂತಾಗುತ್ತದೆ. ಉಳಿತಾಯದ ಮಾತಾದರೂ ನಿಜವೆ? ಈಗಿನ ಇಂಜೆಕ್ಷನ್ ಎಂಜಿನ್ನುಗಳು ಗೇರಿನಲ್ಲಿದ್ದು, ಆಕ್ಸಿಲರೇಟರಿನಿಂದ ಕಾಲು ತೆಗೆದು ಇಳಿಯುವಾಗ ಪೆಟ್ರೋಲನ್ನು ಸಾಮಾನ್ಯವಾಗಿ ಪೂರ್ತಿ ನಿಲ್ಲಿಸುತ್ತವೆ. ನ್ಯೂಟ್ರಲ್ಲಿನಲ್ಲಿಯೋ, ಎಂಜಿನ್ನು ಆರದೆ ಇರುವುದಕ್ಕೆ ಅಷ್ಟಿಷ್ಟು ಪೆಟ್ರೋಲು ಬೇಕೇ ಬೇಕು. ಪ್ರಾಣಕ್ಕೆ ಅಪಾಯ, ಹಣಕ್ಕೂ ನಷ್ಟ.

ಆದುದರಿಂದ ಘಟ್ಟವನ್ನು ಇಳಿಯುವ ಮೊದಲೇ, ಏರುವಾಗ ಯಾವ ಗೇರು ಬೇಕಾಗುತ್ತಿತ್ತೋ ಹೆಚ್ಚುಕಡಮೆ ಅದೇ ಗೇರನ್ನು ಹಾಕಿಕೊಳ್ಳಬೇಕು. ಬ್ರೇಕಿನ ಮೇಲೆ ಸದಾ ಕಾಲಿಟ್ಟುಕೊಂಡು ಸವರುತ್ತ ಬರುವುದಕ್ಕಿಂತ, ವೇಗ ಹೆಚ್ಚಿದಾಗ ಗಟ್ಟಿಯಾಗಿ ಒತ್ತಿ ತಗ್ಗಿಸಿ, ಕಾಲನ್ನು ಪೂರ್ತಿ ತೆಗೆದು ಅದಕ್ಕೆ ಗಾಳಿಯಾಡಲು ಬಿಡುವುದು ಮೇಲು. ನೀರು ಹರಿಯುವ ಹಳ್ಳವನ್ನು ದಾಟಿದ ಮೇಲೆ ಬ್ರೇಕನ್ನು ಹಗುರವಾಗಿ ಒತ್ತಿ ಒಣಗಿಸಿಕೊಳ್ಳಬೇಕು. ಎಂದಾದರೂ ಪೆಡಲು ಇಳಿದುಹೋದರೆ ಬೇಗಬೇಗನೆ ಹಲವು ಸಾರಿ ತುಳಿದರೆ ಸ್ವಲ್ಪ ಒತ್ತಡ ಮರಳಿ ದೊರೆಯಬಹುದು. ಜೊತೆಗೆ ಒಂದೊಂದಾಗಿ ಕೆಳಗಿನ ಗೇರಿಗೆ ಬಂದು, ಕೈಯ ಬ್ರೇಕನ್ನು ಥಟ್ಟನೆ ಅಲ್ಲ, ಮೆಲ್ಲಮೆಲ್ಲನೆ ಎಳೆಯಬೇಕು. ಎಂಜಿನ್ನನ್ನು ಮಾತ್ರ ಆರಿಸಕೂಡದು.

ಬ್ರೇಕಿನ ಶಾಖವೆಲ್ಲ ಗಾಳಿಗೆ ಹೋಗಿ ವ್ಯರ್ಥವಾಗುವುದಲ್ಲ ಎಂದು ಕೆಲವರಿಗೆ ತೋರಬಹುದು. ವಿದ್ಯುತ್ತಿನ ಕಾರುಗಳಲ್ಲಿ ಇದಕ್ಕೂ ಉಪಾಯವಿದೆ. ಕಾಲು ತೆಗೆದಾಗ ಅದೇ ಮೋಟಾರು ಡೈನಮೋವಿನಂತೆ ವರ್ತಿಸಿ, ಚಲನಶಕ್ತಿಯ ಒಂದು ಪಾಲನ್ನು ಬ್ಯಾಟರಿಗೆ ಹಿಂದಿರುಗಿಸುತ್ತದೆ. 2001ರಲ್ಲಿ ಬೆಂಗಳೂರಿನಲ್ಲಿ ತಯಾರಾಗಿ ಮಾರಾಟಕ್ಕೆ ಬಂದ ರೇವಾ ಎಂಬ ಸಣ್ಣ ಕಾರಿನಲ್ಲಿ ಈ ಏರ್ಪಾಡು ಇತ್ತು. ಅಂಥ ಗಾಡಿಗಳಲ್ಲಿಯೂ ಆಪತ್ಕಾಲಕ್ಕೆ ಉಜ್ಜುವ ಬ್ರೇಕು ಇದ್ದೇ ಇರುತ್ತದೆ.

ಕೊನೆಯದಾಗಿ ಯಂತ್ರಕ್ಕೆ ಸೇರದ ಒಂದು ಮಾತು. ನಾನು ಇಲ್ಲಿಯವರೆಗೆ ಹೇಳಿದ ದೂರಗಳೆಲ್ಲ ಬ್ರೇಕು ಹಿಡಿದ ಮೇಲಿನವು. ಅಪಾಯವನ್ನು ಕಣ್ಣು ಕಂಡು, ಮನಸ್ಸು ಗ್ರಹಿಸಿ, ಕಾಲು ಪೆಡಲಿನ ಮೇಲೆ ಬರುವಷ್ಟರಲ್ಲಿ, ಎಚ್ಚರವಾಗಿರುವ ಚಾಲಕನಿಗೂ ಸುಮಾರು ಒಂದು ಸೆಕೆಂಡು ಹಿಡಿಯುತ್ತದೆ. 60 ಕಿಲೋಮೀಟರು ವೇಗದಲ್ಲಿ ಆ ಒಂದು ಸೆಕೆಂಡಿಗೆ ಗಾಡಿ ಹದಿನಾರು ಹದಿನೇಳು ಮೀಟರು ಮುಂದೆ ಹೋಗಿರುತ್ತದೆ. ಅಲ್ಲಿಗೆ ನಮ್ಮ 20 ಮೀಟರು 37 ಆಯಿತು. ಆ ಹೊತ್ತಿನಲ್ಲಿ ಚಾಲಕ ಟೆಲಿಫೋನು ನೋಡುತ್ತಿದ್ದು ಇನ್ನೊಂದು ಸೆಕೆಂಡು ತಡಮಾಡಿದರೆ 50ನ್ನು ಮೀರುತ್ತದೆ. ಈ ಮೀಟರುಗಳನ್ನು ಯಾವ ಎಂಜಿನಿಯರನೂ ನಮಗೆ ಉಳಿಸಿಕೊಡಲಾರನು. ಮುಂದಿನ ಗಾಡಿಗೂ ನಮ್ಮ ಗಾಡಿಗೂ ನಡುವೆ ಸಾಕಷ್ಟು ತೆರವು ಬಿಟ್ಟು, ಮಳೆ ಬಂದಾಗ ಅದನ್ನು ಇಮ್ಮಡಿಮಾಡಿ, ಘಟ್ಟದ ತಲೆಯಲ್ಲಿಯೇ ಗೇರನ್ನು ತಗ್ಗಿಸಿ ಹೊರಡುವ ಚಾಲಕನಿಗೆ ಬ್ರೇಕು ಎಂದೂ ಮೋಸಮಾಡುವುದು ಅಪರೂಪ. ಊರಿಗೆ ಹೊರಡುವ ಮೊದಲು ಬಾನೆಟ್ಟನ್ನು ಎತ್ತಿ, ಬ್ರೇಕಿನ ದ್ರವದ ಆ ಸಣ್ಣ ಡಬ್ಬಿಯಲ್ಲಿ ಗೆರೆಯವರೆಗೆ ದ್ರವ ಇದೆಯೆ, ಅದನ್ನು ಬದಲಾಯಿಸಿ ಎಷ್ಟು ಕಾಲವಾಯಿತು ಎಂದು ನೋಡುವುದಕ್ಕೆ ಎರಡು ನಿಮಿಷ ಸಾಕು.